ಡ್ಯಾಫೋಡಿಲ್ ಬೆಳೆಸುವುದು: ಹೂ ಬಾಡಿದ ಮೇಲೆ ಶುರುವಾಗುವ ಕೆಲಸ

ಡ್ಯಾಫೋಡಿಲ್ ಬೆಳೆಸುವವರು ಮೊದಲ ವರ್ಷ ಸೋಲುವುದು ಕಮ್ಮಿ. ಒಳ್ಳೆಯ ಗೆಡ್ಡೆ ತಂದು, ಗುಂಡಿ ತೋಡಿ ಹೂತರೆ ಸಾಕು, ಚಳಿ ಮುಗಿಯುತ್ತಿದ್ದಂತೆ ಹಳದಿ ತುತ್ತೂರಿ ಹಿಡಿದು ಎದ್ದು ನಿಲ್ಲುತ್ತದೆ. ನಮ್ಮ ಕೈಗುಣ ಅಂತ ನಾವೂ ಬೀಗುತ್ತೇವೆ. ನಿಜ ಹೇಳಬೇಕೆಂದರೆ ಆ ಹೂವಿನಲ್ಲಿ ನಮ್ಮ ಪಾಲು ತೀರಾ ಕಡಿಮೆ. ಗೆಡ್ಡೆ ನಮ್ಮ ಕೈಗೆ ಬರುವ ಹೊತ್ತಿಗೇ ಹೂ ಅದರೊಳಗೆ ಕೂತಿರುತ್ತದೆ. ಹಿಂದಿನ ವರ್ಷ ಬೇರೆ ಯಾರೋ, ಬೇರೆ ಯಾವುದೋ ಹೊಲದಲ್ಲಿ ಅದನ್ನು ಸಾಕಿದ್ದರ ಫಲ ಅದು. ನಮ್ಮ ಆರೈಕೆ ಹೇಗಿತ್ತು ಅಂತ ಗೊತ್ತಾಗುವುದು ಎರಡನೇ ವರ್ಷ.

ನನ್ನ ಎರಡನೇ ವರ್ಷ ಸೊನ್ನೆ. ಮೂವತ್ತು ಗೆಡ್ಡೆ ನೆಟ್ಟಿದ್ದೆ, ಮೊದಲ ವರ್ಷ ಮೂವತ್ತೂ ಹೂ ಬಿಟ್ಟವು. ಹೂ ಬಾಡಿದ ಮೇಲೆ ಎಲೆಗಳು ಅಡ್ಡಾದಿಡ್ಡಿ ಮಲಗಿದ್ದವು. ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ ಅಂತ ಹತ್ತೇ ದಿನದಲ್ಲಿ ಕತ್ತರಿ ತೆಗೆದುಕೊಂಡು ನೆಲಮಟ್ಟಕ್ಕೆ ಕತ್ತರಿಸಿ ಹಾಕಿದೆ. ಮರುವರ್ಷ ಹುಲ್ಲಿನ ಹಾಗೆ ಸಪೂರ ಎಲೆ ಬಂತು, ಒಂದೂ ಮೊಗ್ಗಿಲ್ಲ. ಅಗೆದು ನೋಡಿದರೆ, ನೆಡುವಾಗ ಮುಷ್ಟಿ ತುಂಬುತ್ತಿದ್ದ ಗೆಡ್ಡೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಉಳಿದಿತ್ತು, ಅಷ್ಟೇ.

ಅದಕ್ಕೇ ಈ ಲೇಖನದಲ್ಲಿ ನೆಡುವುದಕ್ಕಿಂತ ನೆಟ್ಟ ಮೇಲಿನ, ಅದರಲ್ಲೂ ಹೂ ಹೋದ ಮೇಲಿನ ಮಾತು ಜಾಸ್ತಿ ಇದೆ.

ಗೆಡ್ಡೆಯ ಹೊಟ್ಟೆಯಲ್ಲಿ ಏನಿರುತ್ತದೆ

ಒಮ್ಮೆ ನೆಡುವ ಕಾಲದಲ್ಲಿ ಸನಿಕೆಯ ಏಟಿಗೆ ಒಂದು ಗೆಡ್ಡೆ ಉದ್ದಕ್ಕೆ ಸೀಳಿಹೋಯಿತು. ಎಸೆಯುವ ಮೊದಲು ನೋಡಿದೆ. ಹೊರಗೆ ಕಾಗದದಂಥ ಕಂದು ಸಿಪ್ಪೆ. ಒಳಗೆ ಒಂದರ ಮೇಲೊಂದು ಬಿಳಿ ಪದರ, ಈರುಳ್ಳಿಯ ಹಾಗೇ. ನಟ್ಟನಡುವೆ ತಿಳಿಹಸಿರು ಮೊಳಕೆ. ಮೊಳಕೆಯನ್ನು ಬ್ಲೇಡಿನಿಂದ ಬಿಡಿಸಿದರೆ ಎಳೆ ಎಲೆಗಳ ಮಧ್ಯೆ ಅಕ್ಕಿಕಾಳಿನಷ್ಟು ದೊಡ್ಡ ಹೂವು! ಭೂತಗನ್ನಡಿ ಹಿಡಿದರೆ ಎಸಳೂ, ಎಸಳುಗಳ ನಡುವೆ ಎದ್ದು ನಿಲ್ಲುವ ಬಟ್ಟಲೂ (ಇದೇ ಉದ್ದವಿದ್ದರೆ ತುತ್ತೂರಿ) ಬೇರೆ ಬೇರೆಯಾಗಿ ಕಂಡವು. ಆ ಹೂ ಅರಳಲು ಇನ್ನೂ ಐದಾರು ತಿಂಗಳಿತ್ತು.

ಬಿಳಿ ಪದರಗಳು ಗಿಡದ ಕಣಜ. ವಸಂತದಲ್ಲಿ ಎಲೆಗಳು ಬಿಸಿಲು ಕುಡಿದು ಆ ಕಣಜ ತುಂಬುತ್ತವೆ. ಕಣಜ ತುಂಬಿದ್ದರೆ, ಎಲೆ ಒಣಗಿ ಗಿಡ ಮಲಗಿರುವಾಗಲೇ ಮುಂದಿನ ವರ್ಷದ ಹೂ ಒಳಗೆ ರೂಪ ತಾಳುತ್ತದೆ. ತುಂಬದಿದ್ದರೆ ಗೆಡ್ಡೆ ಬರೀ ಎಲೆ ತಯಾರಿಸಿ ಸುಮ್ಮನಾಗುತ್ತದೆ.

ಈ ಗಿಡದ ತವರು ಮುಖ್ಯವಾಗಿ ಸ್ಪೇನ್, ಪೋರ್ಚುಗಲ್ ಕಡೆಯ ಗುಡ್ಡಗಾಡು. ಚಳಿಗಾಲದಲ್ಲಿ ಥಂಡಿ ಮತ್ತು ಮಳೆ, ಆಮೇಲೆ ಚಿಕ್ಕದೊಂದು ವಸಂತ, ಆಮೇಲೆ ಒಣ ಬೇಸಿಗೆ. ನೀರು ಯಾವಾಗ ಕೊಡಬೇಕು, ಯಾವಾಗ ಕೊಡಬಾರದು, ಚಳಿ ಯಾಕೆ ಬೇಕು ಅನ್ನುವುದೆಲ್ಲ ಈ ಮೂರು ಕಾಲಗಳಲ್ಲೇ ಇದೆ. ಈ ಲೇಖನದಲ್ಲಿ ಚಳಿಗಾಲ, ವಸಂತ, ಬೇಸಿಗೆ ಅಂದದ್ದು ಚಳಿ ಪ್ರದೇಶಗಳ ಲೆಕ್ಕದಲ್ಲಿ ಅಂತ ತಿಳಿಯಿರಿ.

ಯಾವ ಜಾತಿ ಆರಿಸಬೇಕು

ಹೆಸರಿನ ಗೊಂದಲ ಮೊದಲು ಬಗೆಹರಿಸಿಕೊಳ್ಳೋಣ. ನಾರ್ಸಿಸಸ್ ಅಂದರೆ ಇಡೀ ಕುಲದ ಸಸ್ಯಶಾಸ್ತ್ರದ ಹೆಸರು. ಡ್ಯಾಫೋಡಿಲ್ ಅದರದ್ದೇ ಬಳಕೆಯ ಹೆಸರು. ಜಾಂಕ್ವಿಲ್ ಅನ್ನುವುದು ಆ ಕುಲದ ಒಂದು ಗುಂಪು: ಸಪೂರ ಎಲೆ, ಒಂದು ದಂಟಿಗೆ ಹಲವು ಸಣ್ಣ ಹೂ, ಗಮ್ಮೆನ್ನುವ ವಾಸನೆ. ಹೆಸರಿಟ್ಟ ತಳಿಗಳು ಸಾವಿರಾರು ಇವೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇವನ್ನೆಲ್ಲ 13 ವಿಭಾಗಗಳಲ್ಲಿ ಜೋಡಿಸಿದೆ. ಆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ಜಾಗದಲ್ಲಿ ಚಳಿ ಎಷ್ಟು ಬೀಳುತ್ತದೆ, ಗಿಡ ಎಷ್ಟು ಎತ್ತರ ಇರಬೇಕು ಅನ್ನುವ ಎರಡು ಪ್ರಶ್ನೆ ಸಾಕು.

ಚೆನ್ನಾಗಿ ಚಳಿ ಬೀಳುವ ಕಡೆ ಯಾವುದನ್ನು ಬೇಕಾದರೂ ನೆಡಿ. ಉದ್ದ ತುತ್ತೂರಿಯ ದೊಡ್ಡ ಹಳದಿ ಹೂ ಬೇಕೆಂದರೆ ಡಚ್ ಮಾಸ್ಟರ್. ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕಿಂಗ್ ಆಲ್ಫ್ರೆಡ್, ಅದು 1899ರಷ್ಟು ಹಳೆಯ ತಳಿ. ಆದರೆ ಈಗ ಆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಅದನ್ನು ಹೋಲುವ ಬೇರೆ ತಳಿಗಳನ್ನು. ಬೇಸರ ಬೇಡ, ಅವೂ ಚೆನ್ನಾಗಿಯೇ ಬರುತ್ತವೆ. ಬಿಳಿ ಎಸಳು, ಅಗಲ ಬಟ್ಟಲಿನ ಐಸ್ ಫಾಲೀಸ್ ವರ್ಷ ವರ್ಷ ತಪ್ಪದೆ ಹೂ ಬಿಡುವ ಗಟ್ಟಿ ಜಾತಿ. ಪೂರ್ತಿ ಬಿಳಿ ಬೇಕಿದ್ದರೆ ಥಾಲಿಯಾ. ಎಲ್ಲ ಮುಗಿದ ಮೇಲೆ ಕೊನೆಗೆ ಅರಳುವುದು ಪೊಯೆಟಿಕಸ್: ಅಚ್ಚಬಿಳಿ ಎಸಳು, ನಡುವೆ ಕೆಂಪಂಚಿನ ಪುಟ್ಟ ಹಳದಿ ಬಟ್ಟಲು, ಒಳ್ಳೆಯ ಪರಿಮಳ.

ಮೊದಲ ಸಲ ಬೆಳೆಸುವವರು ಒಂದೇ ಒಂದು ತಳಿ ಹೇಳಿ ಅಂದರೆ ನಾನು ಹೇಳುವುದು ಟೆಟ್-ಆ-ಟೆಟ್. ಒಂದು ಗೇಣಿಗಿಂತ ಎತ್ತರ ಹೋಗುವುದಿಲ್ಲ, ಗಾಳಿಗೆ ಮುರಿಯುವುದಿಲ್ಲ, ಕುಂಡಕ್ಕೂ ಸೈ ನೆಲಕ್ಕೂ ಸೈ. ಎಲೆ ಚಿಕ್ಕದಾದ್ದರಿಂದ ಬಾಡುವಾಗಲೂ ಜಾಸ್ತಿ ಕಣ್ಣಿಗೆ ಬೀಳುವುದಿಲ್ಲ. ಪದರ ಪದರವಾಗಿ ಗುಲಾಬಿಯ ಹಾಗೆ ಅರಳುವ ಡಬಲ್ ಜಾತಿಗಳನ್ನು ಮಾತ್ರ ಆಮೇಲೆ ನೋಡಿಕೊಳ್ಳಿ. ಮೊಗ್ಗು ಬಿಡುವಾಗ ಸೆಕೆಯೋ ಒಣಹವೆಯೋ ತಗುಲಿದರೆ ಅವು ಅರಳದೆ ಮೊಗ್ಗಿನಲ್ಲೇ ಕಂದಿ ಸುರುಟಿಕೊಳ್ಳುತ್ತವೆ.

ಚಳಿ ಅಷ್ಟಾಗಿ ಬೀಳದ ಕಡೆಯವರಿಗೆ ಟಾಜೆಟ್ಟಾ ಗುಂಪು ಇದೆ. ಪೇಪರ್‌ವೈಟ್ ಇದೇ ಗುಂಪಿನದು. ಇವಕ್ಕೆ ಚಳಿಯ ಹಂಗಿಲ್ಲ. ಜಾಂಕ್ವಿಲ್‌ಗಳೂ ದೊಡ್ಡ ತುತ್ತೂರಿಯವಕ್ಕಿಂತ ಸೆಕೆ ತಡೆದುಕೊಳ್ಳುತ್ತವೆ.

ಗೆಡ್ಡೆ ಕೊಳ್ಳುವಾಗ

ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹೆಬ್ಬೆರಳಿನಿಂದ ಬುಡದ ತಟ್ಟೆಯನ್ನು, ಅಂದರೆ ಬೇರು ಹೊರಡುವ ಚಪ್ಪಟೆ ಭಾಗವನ್ನು ಒತ್ತಿ. ಗಟ್ಟಿ ಇದ್ದರೆ ಒಳ್ಳೆಯದು, ಮೆತ್ತಗಿದ್ದರೆ ಬೇಡ. ಕುತ್ತಿಗೆಯ ಹತ್ತಿರವೂ ಒಮ್ಮೆ ಒತ್ತಿ ನೋಡಿ. ಹೊರ ಸಿಪ್ಪೆ ಹರಿದಿದ್ದರೆ ಚಿಂತೆಯಿಲ್ಲ. ಬೂಷ್ಟು ಕಟ್ಟಿದ್ದರೆ, ಹುಳಿ ವಾಸನೆ ಬಂದರೆ ಅಲ್ಲೇ ಇಟ್ಟು ಬನ್ನಿ. ಎರಡು ಮೂರು ಮೂತಿ, ಅಂದರೆ ಮೊಳಕೆ ಹೊರಡುವ ಚೂಪು ತುದಿ ಇರುವ ಗೆಡ್ಡೆ ಸಿಕ್ಕರೆ ಒಂದೊಂದು ಮೂತಿಗೂ ಹೂ ಬರುವ ಸಾಧ್ಯತೆ ಇದೆ. ಸಣ್ಣ ಗೆಡ್ಡೆ ಅಗ್ಗ ಅಂತ ಚೀಲ ತುಂಬಿಕೊಂಡರೆ ಮೊದಲ ಒಂದೆರಡು ವರ್ಷ ಎಲೆ ನೋಡಿಕೊಂಡೇ ಇರಬೇಕಾಗುತ್ತದೆ.

ತಂದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೆವೆತು ಕೊಳೆಯುತ್ತದೆ. ನೆಟ್ ಚೀಲವೋ ಕಾಗದದ ಚೀಲವೋ ಸಾಕು, ಗಾಳಿಯಾಡುವ ನೆರಳಿನಲ್ಲಿಡಿ.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಉತ್ತಮ. ಎಲೆ ಉದುರಿಸುವ ಮರದ ಬುಡವೂ ಆಗುತ್ತದೆ. ಯಾಕೆಂದರೆ ಮರ ಚಿಗುರುವ ಮೊದಲೇ ಡ್ಯಾಫೋಡಿಲ್ ತನ್ನ ಕೆಲಸದ ಹೆಚ್ಚಿನ ಭಾಗ ಮುಗಿಸಿರುತ್ತದೆ. ವರ್ಷವಿಡೀ ಹಸಿರಾಗಿರುವ ಮರದ ಕೆಳಗೆ ಬೇಡ. ಇನ್ನೊಂದು ಮಾತು. ಹೂಗಳು ಸಾಮಾನ್ಯವಾಗಿ ಬೆಳಕು ಜಾಸ್ತಿ ಇರುವ ಕಡೆಗೆ ಮುಖ ಮಾಡುತ್ತವೆ. ನೀವು ನಿಂತು ನೋಡುವ ಜಾಗ ಅದಕ್ಕೆ ಎದುರಿಗೆ ಇರುವಂತೆ ನೆಡಿ. ಇಲ್ಲವಾದರೆ ಇಡೀ ಸಾಲು ನಿಮಗೆ ಬೆನ್ನು ಹಾಕಿ ನಿಂತಿರುತ್ತದೆ.

ಮಣ್ಣು ಎಂಥದ್ದಾದರೂ ಈ ಗಿಡ ಹೊಂದಿಕೊಳ್ಳುತ್ತದೆ, ನಿಂತ ನೀರೊಂದನ್ನು ಬಿಟ್ಟು. ಅನುಮಾನ ಇದ್ದರೆ ಒಂದು ಗೇಣು ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ. ಎರಡನೇ ಸಲ ತುಂಬಿದ ನೀರು ಕೆಲವು ಗಂಟೆ ಕಳೆದರೂ ಹಾಗೇ ನಿಂತಿದ್ದರೆ ಅಲ್ಲಿ ನೆಡಬೇಡಿ. ಬೇರೆ ಜಾಗವೇ ಇಲ್ಲವೆಂದರೆ ಮಣ್ಣು ಏರಿಸಿ ಮಡಿ ಮಾಡಿ, ಕಾಂಪೋಸ್ಟ್ ಮತ್ತು ದಪ್ಪ ಮರಳು ಬೆರೆಸಿ. ಗುಂಡಿಯ ತಳಕ್ಕೆ ಮಾತ್ರ ಒಂದು ಹಿಡಿ ಮರಳು ಹಾಕಿ ಕೈತೊಳೆದುಕೊಂಡರೆ ಪ್ರಯೋಜನ ಕಾಣೆ. ಸುತ್ತಲೂ ಜಿಗುಟು ಮಣ್ಣಿದ್ದರೆ ಆ ಗುಂಡಿ ಸಣ್ಣ ಬಾವಿಯೇ ಆಗಿಬಿಡುತ್ತದೆ. ಹಸಿ ಕೊಟ್ಟಿಗೆ ಗೊಬ್ಬರ ಗೆಡ್ಡೆಗೆ ತಾಗಲೇಬಾರದು, ಕೊಳೆಸುತ್ತದೆ.

ನೆಡುವ ಕ್ರಮ

ಉತ್ತರ ಗೋಳಾರ್ಧದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣದಲ್ಲಿ ಮಾರ್ಚ್‌ನಿಂದ ಮೇ. ಮಣ್ಣಿನ ಬಿಸಿ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರಬೇಕು, ನೆಲ ಹೆಪ್ಪುಗಟ್ಟುವ ಮೊದಲು ಬೇರು ಬಿಡಲು ಕೆಲವು ವಾರ ಸಿಗಬೇಕು.

1. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕೆಲವರಿಗೆ ಗೆಡ್ಡೆಯ ರಸ ತುರಿಕೆ ತರುತ್ತದೆ.

2. ಗೆಡ್ಡೆಯ ಎತ್ತರದ ಮೂರರಷ್ಟು ಆಳ ತೋಡಿ. ಎರಡು ಇಂಚಿನ ಗೆಡ್ಡೆಗೆ ಆರು ಇಂಚು. ಮರಳು ಮಣ್ಣಾದರೆ ಇನ್ನೊಂದು ಇಂಚು ಹೆಚ್ಚು. ಮೇಲೆ ಮೇಲೆ ನೆಟ್ಟರೆ ಗೆಡ್ಡೆ ಬೇಗ ಒಡೆದು ಮರಿ ಹಾಕುತ್ತದೆ, ಮರಿಗಳು ಹೂ ಬಿಡುವುದಿಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆದರೆ ಹೆದರಬೇಡಿ. ಇದರ ಬೇರುಗಳು ಕುಗ್ಗಿ ಗೆಡ್ಡೆಯನ್ನು ಕೆಳಕ್ಕೆ ಎಳೆದುಕೊಳ್ಳಬಲ್ಲವು.

3. ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ. ಗುಂಡಿಯ ತಳಕ್ಕೆ ಬುಡ ತಾಗಿರಲಿ, ಅಡಿಯಲ್ಲಿ ಗಾಳಿಯ ಗೂಡು ಉಳಿಯಬಾರದು.

4. ಗೆಡ್ಡೆಯಿಂದ ಗೆಡ್ಡೆಗೆ ನಾಲ್ಕರಿಂದ ಆರು ಇಂಚು. ಕುಳ್ಳ ಜಾತಿಗೆ ಮೂರು ಸಾಕು.

5. ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಒಮ್ಮೆ ಚೆನ್ನಾಗಿ ನೀರು ಹಾಯಿಸಿ. ಬೇರು ಎಚ್ಚರಗೊಳ್ಳುವುದು ಈ ನೀರಿಗೆ.

6. ಒಂದು ಕಡ್ಡಿ ನೆಡಿ. ಗಿಡ ಮಲಗಿದಾಗ ಅದು ಎಲ್ಲಿದೆ ಅಂತ ನಿಮಗೆ ನೆನಪಿರುವುದಿಲ್ಲ. ನನ್ನ ಸನಿಕೆ ಗೆಡ್ಡೆ ಸೀಳಿದ್ದು ಈ ಕಡ್ಡಿ ಇಲ್ಲದ್ದಕ್ಕೇ.

ಸಾಲಾಗಿ ನೆಟ್ಟರೆ ಕವಾಯತಿಗೆ ನಿಂತ ಹಾಗೆ ಕಾಣುತ್ತದೆ. ಐದೋ ಏಳೋ ಒಟ್ಟಿಗೆ, ಗುಂಪು ಗುಂಪಾಗಿ ನೆಡಿ. ಹುಲ್ಲುಹಾಸಿನಲ್ಲಿ ನೆಡುವವರು ಒಂದು ಹಿಡಿ ಗೆಡ್ಡೆ ಎರಚಿ, ಬಿದ್ದಲ್ಲೇ ನೆಡುವುದುಂಟು, ಸಹಜವಾಗಿ ಕಾಣುತ್ತದೆ. ಆದರೆ ನೆನಪಿರಲಿ, ಹೂ ಮುಗಿದು ಆರು ವಾರ ಆಗುವ ತನಕ ಆ ಹುಲ್ಲಿಗೆ ಮಶಿನ್ ಹಾಕುವಂತಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆದರೆ ಸಹಿಸಿಕೊಳ್ಳುವ ತಾಳ್ಮೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ನೀರು, ಗೊಬ್ಬರ

ಚಳಿಗಾಲದಲ್ಲಿ ಮೇಲೆ ಏನೂ ಕಾಣುವುದಿಲ್ಲ, ಕೆಳಗೆ ಬೇರು ಓಡುತ್ತಿರುತ್ತದೆ. ಮಳೆಯೋ ಹಿಮವೋ ಬೀಳುವ ಕಡೆ ನಿಮಗೆ ಕೆಲಸವಿಲ್ಲ. ಪೂರಾ ಒಣ ಹವೆಯಾದರೆ ಆಗಾಗ ನೀರು ಕೊಡಿ. ಎಲೆಯ ತುದಿ ಇಣುಕಿದಂದಿನಿಂದ ಎಲೆ ಹಳದಿಯಾಗುವ ತನಕ ಮಣ್ಣು ಒಣಗಬಾರದು. ಜನ ಸಾಮಾನ್ಯವಾಗಿ ಹೂ ಇರುವ ತನಕ ನೀರು ಹಾಕಿ, ಹೂ ಹೋದ ದಿನ ಪೈಪ್ ಸುತ್ತಿಟ್ಟುಬಿಡುತ್ತಾರೆ. ಗಿಡಕ್ಕೆ ನೀರು ಅತಿ ಹೆಚ್ಚು ಬೇಕಾಗುವ ಹೊತ್ತಲ್ಲಿ ಹೀಗೆ ಮಾಡಿದರೆ ಹೇಗೆ, ಅಲ್ವಾ? ಎಲೆ ಹಳದಿಯಾದ ಮೇಲೆ ಮಾತ್ರ ನೀರು ಪೂರ್ತಿ ನಿಲ್ಲಿಸಿ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಮಲಗಿದ ಗೆಡ್ಡೆ ಕೊಳೆಯುತ್ತದೆ.

ಗೊಬ್ಬರ ಎರಡು ಸಲ ಸಾಕು: ಎಲೆ ತುದಿ ಕಂಡಾಗ ಒಮ್ಮೆ, ಹೂ ಬಾಡಿದಾಗ ಇನ್ನೊಮ್ಮೆ. ಸಾರಜನಕ ಕಮ್ಮಿ, ಪೊಟ್ಯಾಷ್ ಜಾಸ್ತಿ ಇರುವಂಥದ್ದು ನೋಡಿ. ಹುಲ್ಲುಹಾಸಿಗೆ ಹಾಕುವ ಯೂರಿಯಾದಂಥ ಗೊಬ್ಬರ ಬಿದ್ದರೆ ಎಲೆ ಕೊಬ್ಬುತ್ತದೆ, ಹೂ ಇರುವುದಿಲ್ಲ, ಕೊಳೆರೋಗಕ್ಕೂ ದಾರಿ.

ಹೂ ಬಾಡಿತು, ಈಗ?

ಈಗಲೇ ನಿಮ್ಮ ನಿಜವಾದ ಕೆಲಸ ಶುರು.

ಮೊದಲು ಬಾಡಿದ ಹೂವನ್ನು ಅದರ ಹಿಂದಿನ ಹಸಿರು ಉಬ್ಬಿನ ಸಮೇತ ಚಿವುಟಿ ತೆಗೆಯಿರಿ. ಆ ಉಬ್ಬೇ ಬೀಜದ ಕಾಯಿ. ಬಿಟ್ಟರೆ ಗಿಡ ಬೀಜಕ್ಕೆ ಶಕ್ತಿ ಖರ್ಚು ಮಾಡುತ್ತದೆ. ಬೀಜದಿಂದ ಹೂ ನೋಡಲು ಐದಾರು ವರ್ಷ ಕಾಯಬೇಕು, ನಮಗೆ ಅದು ಬೇಡ. ದಂಟನ್ನು ಮಾತ್ರ ಹಾಗೇ ಬಿಡಿ. ಹಸಿರಾಗಿರುವ ತನಕ ಅದೂ ಎಲೆಯ ಕೆಲಸವನ್ನೇ ಮಾಡುತ್ತದೆ.

ಎಲೆ ಮುಟ್ಟಬೇಡಿ. ಕನಿಷ್ಠ ಆರು ವಾರ. ಎಲೆ ಹಳದಿ ತಿರುಗಿ, ಮೆಲ್ಲಗೆ ಎಳೆದರೆ ತಾನಾಗಿ ಕಿತ್ತು ಬಂದರೆ ಅದರ ಕೆಲಸ ಮುಗಿಯಿತು ಅಂತ. ಇನ್ನೂ ಹಿಡಿದುಕೊಂಡಿದೆ ಅಂದರೆ ಬಿಟ್ಟುಬಿಡಿ.

ಕೆಲವರು ಎಲೆಗಳನ್ನು ಜಡೆ ಹೆಣೆದೋ, ಗಂಟು ಹಾಕಿ ರಬ್ಬರ್ ಬ್ಯಾಂಡ್ ಸುತ್ತಿಯೋ ಅಚ್ಚುಕಟ್ಟು ಮಾಡುತ್ತಾರೆ. ನೋಡಲು ಮುದ್ದಾಗಿರುತ್ತದೆ. ಆದರೆ ಜಡೆಯ ಒಳಗಿನ ಎಲೆಗೆ ಬಿಸಿಲು ಸಿಗುವುದಿಲ್ಲ, ಮಡಚಿದ ಜಾಗದಲ್ಲಿ ಎಲೆ ಜಜ್ಜಿಹೋಗುತ್ತದೆ. ಕತ್ತರಿಸುವುದಕ್ಕಿಂತ ವಾಸಿ, ಅಷ್ಟೇ ಹೇಳಬಹುದು.

ಹಾಗಾದರೆ ಆ ಅಡ್ಡಾದಿಡ್ಡಿ ಎಲೆಗಳನ್ನು ಏನು ಮಾಡುವುದು? ಮರೆಮಾಡಿ. ಡ್ಯಾಫೋಡಿಲ್ ಮುಂದೆ ಡೇ ಲಿಲಿ, ಹೋಸ್ಟಾ ಅಥವಾ ಜರೀಗಿಡ ಹಾಕಿ. ಡ್ಯಾಫೋಡಿಲ್ ಎಲೆ ಒರಗುವ ಹೊತ್ತಿಗೆ ಸರಿಯಾಗಿ ಅವು ಚಿಗುರಿ ಎದ್ದು ಮುಂದೆ ನಿಲ್ಲುತ್ತವೆ. ಕತ್ತರಿ ಪ್ರಸಂಗದ ನಂತರ ನಾನು ಮಾಡಿದ್ದು ಇಷ್ಟೇ, ಒಂದು ಸಾಲು ಡೇ ಲಿಲಿ. ಎರಡು ವರ್ಷದ ಮೇಲೆ ಆ ಹೆಬ್ಬೆರಳು ಗಾತ್ರದ ಗೆಡ್ಡೆಗಳಲ್ಲಿ ಹೆಚ್ಚಿನವು ಮತ್ತೆ ಹೂ ಕೊಟ್ಟವು.

ಎಲೆ ಇದೆ, ಹೂ ಇಲ್ಲ

ಡ್ಯಾಫೋಡಿಲ್ ಬೆಳೆಸುವವರ ನಿತ್ಯದ ಗೋಳು ಇದು. ಎಲೆ ಬೇಗ ಕತ್ತರಿಸಿದ್ದು ಕಾರಣವಲ್ಲ ಅಂತಾದರೆ ಹೀಗೆ ನೋಡುತ್ತಾ ಹೋಗಿ. ಹಳೆಯ ಗುಂಪಾ? ಎಲೆ ಒತ್ತೊತ್ತಾಗಿ ಸಪೂರವಾಗಿದ್ದರೆ ಕೆಳಗೆ ಗೆಡ್ಡೆಗಳು ಇಕ್ಕಟ್ಟಾಗಿವೆ, ಬಿಡಿಸಬೇಕು. ನೆಡುವಾಗ ಚಿಕ್ಕದಿದ್ದ ಮರ ಈಗ ದೊಡ್ಡದಾಗಿ ನೆರಳು ಕವಿದಿದೆಯಾ? ಹಿಂದಿನ ವಸಂತದಲ್ಲಿ ಮಣ್ಣು ಒಣಗಿತ್ತಾ? ಗೆಡ್ಡೆ ಮೇಲೆ ಮೇಲೆ ಇದೆಯಾ? ಹೊಸದಾಗಿ ನೆಟ್ಟದ್ದಾದರೆ ಗೆಡ್ಡೆ ಚಿಕ್ಕದಿತ್ತಾ, ಚಳಿ ಸಾಕಷ್ಟು ಸಿಕ್ಕಿತ್ತಾ? ಮೊಗ್ಗು ಬಂದು ಕಾಗದದ ಹಾಗೆ ಒಣಗಿದ್ದರೆ ಅದು ಬೇರೆ ಕಥೆ: ಆಗ ಒಳಗೆ ಹೂ ಇತ್ತು, ನೀರು ಸಾಲದೆಯೋ ದಿಢೀರ್ ಸೆಕೆಗೋ ಸುಟ್ಟುಹೋಯಿತು ಅಂತ.

ಗುಂಪು ಬಿಡಿಸುವುದನ್ನು ಮೂರರಿಂದ ಐದು ವರ್ಷಕ್ಕೊಮ್ಮೆ, ಅಥವಾ ಹೂ ಕಡಿಮೆಯಾದಾಗ ಮಾಡಿ. ಎಲೆ ಹಳದಿಯಾಗಿರಬೇಕು, ಆದರೆ ಪೂರ್ತಿ ಮಾಯವಾಗಿರಬಾರದು. ಆಗ ಎಲ್ಲಿ ಅಗೆಯಬೇಕು ಅಂತ ಕಾಣುತ್ತದೆ. ಗುಂಪಿನಿಂದ ಒಂದು ಗೇಣು ದೂರದಲ್ಲಿ ಸನಿಕೆ ಇಳಿಸಿ, ಇಡಿಯಾಗಿ ಮೇಲೆತ್ತಿ, ಮಣ್ಣು ಉದುರಿಸಿ. ಸುಮ್ನೆ ಕೈಯಲ್ಲಿ ಅಲುಗಾಡಿಸಿದರೆ ಬಿಟ್ಟುಕೊಳ್ಳುವ ಮರಿಗಳನ್ನಷ್ಟೇ ಬೇರೆ ಮಾಡಿ. ಬುಡ ಅಂಟಿಕೊಂಡಿದ್ದನ್ನು ಮುರಿಯಬೇಡಿ, ಗಾಯವಾದ ಜಾಗದಲ್ಲಿ ಕೊಳೆ ಹತ್ತುತ್ತದೆ. ಆಗಲೇ ನೆಡಬಹುದು. ಇಲ್ಲವೆಂದರೆ ನೆರಳಲ್ಲಿ ಒಣಗಿಸಿ ನೆಟ್ ಚೀಲದಲ್ಲಿ ತೂಗುಹಾಕಿ, ನೆಡುವ ಕಾಲದಲ್ಲಿ ಹಾಕಿ. ಸಣ್ಣ ಮರಿಗಳು ಹೂ ಬಿಡಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತವೆ.

ಚಳಿ ಸಾಲದ ಕಡೆ, ಕುಂಡದಲ್ಲಿ

ದೊಡ್ಡ ತುತ್ತೂರಿಯ ಜಾತಿಗಳಿಗೆ 12ರಿಂದ 16 ವಾರ ಥಂಡಿ ಬೇಕೇ ಬೇಕು, 9 ಡಿಗ್ರಿಗಿಂತ ಕಡಿಮೆ. ಅದಿಲ್ಲದಿದ್ದರೆ ದಂಟು ಉದ್ದವಾಗುವುದಿಲ್ಲ, ಹೂ ಎಲೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ ಅಥವಾ ಬರುವುದೇ ಇಲ್ಲ. ನೆಲ ಆ ಥಂಡಿ ಕೊಡದಿದ್ದರೆ ಫ್ರಿಜ್ ಕೊಡುತ್ತದೆ. ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ. ಫ್ರೀಜರ್‌ನಲ್ಲಿ ಅಲ್ಲ. ಪಕ್ಕದಲ್ಲಿ ಸೇಬು, ಬಾಳೆಯಂಥ ಹಣ್ಣು ಇರಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿರುವ ಆ ಅಕ್ಕಿಕಾಳಿನ ಹೂವನ್ನು ಅಲ್ಲೇ ಕೊಲ್ಲುತ್ತದೆ. ಚೀಲದ ಮೇಲೆ 'ವಿಷ' ಅಂತ ದಪ್ಪಗೆ ಬರೆಯಿರಿ. ಕಾರಣ ಮುಂದೆ ಹೇಳುತ್ತೇನೆ.

ಹೊರಗೆ ತೆಗೆದ ಕೂಡಲೇ ಒಂದಡಿ ಆಳದ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಡಿ. ಕುಂಡದಲ್ಲಿ ಗೆಡ್ಡೆಗಳು ಹತ್ತಿರ ಹತ್ತಿರ ಇರಬಹುದು, ಒಂದಕ್ಕೊಂದು ತಾಗದಿದ್ದರೆ ಸಾಕು. ನಿಮ್ಮಲ್ಲಿರುವುದರಲ್ಲೇ ತಂಪಾದ, ಬೆಳಕಿರುವ ಜಾಗದಲ್ಲಿಡಿ. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ: ಸೆಕೆ ಇರುವ ಕಡೆ ಹೀಗೆ ಹೂ ಬಿಡಿಸಿದ ಗೆಡ್ಡೆ ಮರುವರ್ಷ ಹೂ ಕೊಡುವುದು ಅಪರೂಪ. ಕಣಜ ತುಂಬುವ ಮೊದಲೇ ಎಲೆ ಬೆಂದುಹೋಗುತ್ತದೆ. ಒಂದೇ ವರ್ಷದ ಹೂ ಅಂದುಕೊಂಡು ಮಾಡುವುದಾದರೆ ಮಾಡಿ.

ಪೇಪರ್‌ವೈಟ್‌ಗೆ ಈ ಯಾವ ತಾಪತ್ರಯವೂ ಇಲ್ಲ. ತೂತಿಲ್ಲದ ಬಟ್ಟಲಿಗೆ ಬೆಣಚುಕಲ್ಲು ತುಂಬಿ, ಗೆಡ್ಡೆಗಳನ್ನು ಕೂರಿಸಿ, ನೀರು ಬುಡಕ್ಕೆ ತಾಗಿಯೂ ತಾಗದಂತೆ ಹಾಕಿ. ನಾಲ್ಕರಿಂದ ಆರು ವಾರದಲ್ಲಿ ಹೂ. ಒಂದೇ ತೊಂದರೆ, ದಂಟು ಉದ್ದಕ್ಕೆ ಬೆಳೆದು ವಾಲುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದಕ್ಕೆ ತಮಾಷೆಯ ಮದ್ದು ಕಂಡುಹಿಡಿದಿದ್ದಾರೆ, ಮದ್ಯ! ಬೇರು ಬಂದು ಮೊಳಕೆ ಒಂದೆರಡು ಇಂಚು ಆದಾಗ ನೀರು ಚೆಲ್ಲಿ, ಬದಲಿಗೆ ಸುಮಾರು 5 ಪರ್ಸೆಂಟ್ ಆಲ್ಕೋಹಾಲ್ ಇರುವ ನೀರು ಹಾಕಬೇಕು. 40 ಪರ್ಸೆಂಟಿನ ವೋಡ್ಕಾ ಆದರೆ ಒಂದು ಪಾಲಿಗೆ ಏಳು ಪಾಲು ನೀರು. ದಂಟು ಮೂರನೇ ಒಂದು ಭಾಗದಷ್ಟಾದರೂ ಗಿಡ್ಡವಾಗುತ್ತದೆ, ಹೂ ಎಂದಿನಷ್ಟೇ ದೊಡ್ಡದಿರುತ್ತದೆ. ಬಿಯರ್, ವೈನ್ ಬೇಡ, ಅದರ ಸಕ್ಕರೆ ಗಿಡಕ್ಕೆ ಆಗದು.

ಹುಳ, ರೋಗ

ಇಲಿ, ಅಳಿಲು, ಜಿಂಕೆ ಇದರ ತಂಟೆಗೆ ಬರುವುದಿಲ್ಲ. ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ತಮ್ಮ ಹೂವಿನ ಎಸಳು ಕಡಿಯುತ್ತವೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿದರೆ ಆಯಿತು.

ನಿಜವಾದ ಶತ್ರು ನಾರ್ಸಿಸಸ್ ನೊಣ. ಮೈಮೇಲೆ ರೋಮ ಇರುವ, ಸಣ್ಣ ದುಂಬಿಯಂತೆ ಕಾಣುವ ನೊಣ. ಎಲೆ ಒಣಗುವ ಕಾಲದಲ್ಲಿ ಎಲೆಯ ಬುಡದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮಣ್ಣಿಗಿಳಿದು ಗೆಡ್ಡೆಯ ಬುಡ ಕೊರೆದು ಒಳಹೊಕ್ಕು, ನಡುಭಾಗವನ್ನೇ ತಿಂದು ಮುಗಿಸುತ್ತದೆ. ಸಾಮಾನ್ಯವಾಗಿ ಒಂದು ಗೆಡ್ಡೆಗೆ ಒಂದೇ ಹುಳು, ಆದರೆ ಒಂದೇ ಸಾಕು. ಎಲೆ ಒಣಗಿ ಬಿದ್ದಾಗ ಮಣ್ಣಿನಲ್ಲಿ ಒಂದು ತೂತು ಉಳಿಯುತ್ತದೆ, ನೊಣದ ಮರಿಗೆ ಅದೇ ರಾಜಮಾರ್ಗ. ಕೈಯಾಡಿಸಿ ಮಣ್ಣು ಎಳೆದು ಆ ತೂತು ಮುಚ್ಚಿಬಿಡಿ. ಎರಡು ನಿಮಿಷದ ಕೆಲಸ.

ಬುಡದ ತಟ್ಟೆಯಿಂದ ಕಂದು ಬಣ್ಣ ಮೇಲಕ್ಕೆ ಹಬ್ಬಿ ಗೆಡ್ಡೆ ಮೆತ್ತಗಾದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಕೊಳೆರೋಗ. ಗೆಡ್ಡೆಯನ್ನು ಅಡ್ಡಕ್ಕೆ ಕೊಯ್ದಾಗ ಕಂದು ಉಂಗುರಗಳು ಕಂಡರೆ, ಎಲೆಯ ಮೇಲೆ ಹಳದಿ ಗಂಟುಗಳಿದ್ದರೆ ಅದು ನೆಮಟೋಡ್ ಹುಳದ ಕಾಟ. ಎಲೆ ಹುಟ್ಟುವಾಗಲೇ ಹಳದಿ ಗೀರು ಇದ್ದರೆ ವೈರಸ್ ಇರಬಹುದು. ಈ ಮೂರಕ್ಕೂ ಮನೆಯ ತೋಟದಲ್ಲಿ ಮದ್ದು ಹುಡುಕುತ್ತಾ ಕೂರಬೇಡಿ. ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಅಲ್ಲ. ಆ ಜಾಗದಲ್ಲಿ ಕೆಲವು ವರ್ಷ ಮತ್ತೆ ಡ್ಯಾಫೋಡಿಲ್ ಬೇಡ.

ವಿಷದ ಮಾತು

ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆಯಲ್ಲಿ ಅತಿ ಹೆಚ್ಚು. ಲೈಕೊರಿನ್ ಅನ್ನುವ ರಾಸಾಯನಿಕ ಇದಕ್ಕೆ ಕಾರಣ, ತಿಂದರೆ ವಾಂತಿ, ಹೊಟ್ಟೆನೋವು. ಈರುಳ್ಳಿ ಅಂತ ತಪ್ಪು ತಿಳಿದು ಅಡುಗೆಗೆ ಹಾಕಿ ಆಸ್ಪತ್ರೆ ಸೇರಿದವರಿದ್ದಾರೆ, ಫ್ರಿಜ್ ಚೀಲದ ಮೇಲೆ ಬರೆಯಿರಿ ಅಂದದ್ದು ಅದಕ್ಕೇ. ನಾಯಿ, ಬೆಕ್ಕುಗಳಿಗೂ ಅಪಾಯ. ಹೂದಾನಿಯ ನೀರನ್ನೂ ಅವು ಕುಡಿಯದಂತೆ ನೋಡಿಕೊಳ್ಳಿ. ಯಾರಾದರೂ ತಿಂದದ್ದು ಗೊತ್ತಾದರೆ ಕಾದು ನೋಡಬೇಡಿ, ಗೆಡ್ಡೆಯ ಚೂರು ಕೈಯಲ್ಲಿ ಹಿಡಿದೇ ಡಾಕ್ಟರ ಹತ್ತಿರ ಹೋಗಿ. ಇದೇ ಗಿಡದಲ್ಲಿರುವ ಗ್ಯಾಲಂಟಮೈನ್ ಅನ್ನುವ ಇನ್ನೊಂದು ರಾಸಾಯನಿಕವನ್ನು ಅಲ್ಝೈಮರ್ಸ್ ಕಾಯಿಲೆಯ ಔಷಧಿಯಾಗಿ ಕೊಡುತ್ತಾರೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಹೂದಾನಿಗೆ

ಮೊಗ್ಗು ನೆಟ್ಟಗೆ ನಿಂತಿರುವಾಗ ಕೊಯ್ಯಬೇಡಿ. ಅದು ಬಣ್ಣ ತೋರಿಸಿ, ಕೊಕ್ಕರೆ ಕತ್ತು ಬಗ್ಗಿಸಿದ ಹಾಗೆ ಮುಂದಕ್ಕೆ ಬಾಗಿದಾಗ ಕೊಯ್ಯಿರಿ. ಕತ್ತರಿಗಿಂತ ಬೆರಳು ವಾಸಿ. ದಂಟಿನ ಬುಡ ಹಿಡಿದು, ತುಸು ತಿರುಚಿ ಎಳೆದರೆ ಟಕ್ ಅಂತ ಬರುತ್ತದೆ. ಎಲೆ ಕೊಯ್ಯಬೇಡಿ, ಗೆಡ್ಡೆಗೆ ಬೇಕು.

ಕೊಯ್ದ ದಂಟಿನಿಂದ ಲೋಳೆ ಸುರಿಯುತ್ತದೆ. ಅದೇ ನೀರಿನಲ್ಲಿ ಗುಲಾಬಿಯನ್ನೋ ಟ್ಯುಲಿಪ್ಪನ್ನೋ ಇಟ್ಟರೆ ಅವು ಬೇಗ ಬಾಡುತ್ತವೆ. ಬೇರೆ ಹೂಗಳ ಜೊತೆ ಇಡಬೇಕೆಂದಿದ್ದರೆ ಡ್ಯಾಫೋಡಿಲ್‌ಗಳನ್ನು ಮೊದಲು ಒಂದು ರಾತ್ರಿ ಬೇರೆಯೇ ನೀರಿನಲ್ಲಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ದಂಟನ್ನು ಮತ್ತೆ ಕತ್ತರಿಸದೆ ಉಳಿದ ಹೂಗಳ ಜೊತೆ ಸೇರಿಸಿ. ಕತ್ತರಿಸಿದರೆ ಲೋಳೆ ಮತ್ತೆ ಶುರುವಾಗುತ್ತದೆ.